ಮಕ್ಕಳ ಗಣಿತ ಏರ್ತಿದ್ಯಾ, ಇಳೀತಿದ್ಯಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಗಣಿತದ್ದೇ. ಅಸರ್, ನ್ಯಾಸ್, ಪರಖ್ ಅಂತ ಪೇಪರಲ್ಲಿ ಬರ್ತಾ ಇರೋ ದೇಶಮಟ್ಟದ ಪರೀಕ್ಷೆಗಳನ್ನ ನೋಡಿ ಅಪ್ಪ ಅಮ್ಮಂದಿರು ಗಾಬರಿ ಆಗಿದಾರೆ, ಮೇಷ್ಟ್ರುಗಳು ಬೇಜಾರಲ್ಲಿದಾರೆ. ಹಾಗಾಗಿ ಬೇರೆ ವಿಷಯದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇಡೀ ಅಂಕಣನ ಇದಕ್ಕೇ ಕೊಡ್ತಿದೀನಿ. ಯಾರ ಹೆಸರೂ ಹಾಕಿಲ್ಲ, ಕೆಲವರು ಬೇಡ ಅಂದಿದ್ರು, ಉಳಿದವರದ್ದೂ ಬೇಡ ಅನ್ನಿಸ್ತು.

ಪ್ರಶ್ನೆ: ಮೇಡಂ, ನನ್ನ ಮಗಳು ಐದನೇ ಕ್ಲಾಸು, ಸರ್ಕಾರಿ ಶಾಲೆ. 2025ರ ಜನವರಿಲಿ ಹಳ್ಳಿ ಮಕ್ಕಳ ಗಣಿತ ಸುಧಾರಿಸಿದೆ ಅಂತ ಸುದ್ದಿ ಓದಿ ಖುಷಿ ಪಟ್ಟಿದ್ದೆ. ಜುಲೈಲಿ ಇನ್ನೊಂದು ಸುದ್ದಿ ಬಂತು, ಆರನೇ ಕ್ಲಾಸಲ್ಲಿ ಹತ್ರ ಹತ್ರ ಅರ್ಧ ಮಕ್ಕಳಿಗೆ ಹತ್ತರ ತನಕ ಮಗ್ಗೀನೇ ಬರಲ್ಲ ಅಂತ. ಎರಡ್ರಲ್ಲಿ ಯಾವುದನ್ನ ನಂಬ್ಲಿ?

ಉತ್ತರ: ಎರಡೂ ನಂಬಿ ಅಮ್ಮಾ. ಆದ್ರೆ ಎರಡೂ ಬೇರೆ ಬೇರೆ ಮಕ್ಕಳನ್ನ ಬೇರೆ ಬೇರೆ ರೀತಿಲಿ ಕೇಳಿದ ಪರೀಕ್ಷೆಗಳು, ಅದೊಂದು ಗೊತ್ತಾದ್ರೆ ಜಗಳ ಇಲ್ಲ.

ಜನವರಿಲಿ ಬಂದಿದ್ದು ಅಸರ್ 2024. ಪ್ರಥಮ್ ಅನ್ನೋ ಸಂಸ್ಥೆ 2005ರಿಂದ ಮಾಡ್ಕೊಂಡು ಬರ್ತಿರೋ ಸರ್ವೆ ಇದು, ಬರೀ ಹಳ್ಳಿಗಳಲ್ಲಿ ನಡೆಯುತ್ತೆ. ಶಾಲೆಗಲ್ಲ, ಮನೆಗೇ ಬರ್ತಾರೆ, ಮಗು ಯಾವ ಶಾಲೆಗೆ ಹೋಗ್ಲಿ ಅಥವಾ ಶಾಲೆಗೇ ಹೋಗದೆ ಇರ್ಲಿ, ಪಕ್ಕದಲ್ಲಿ ಕೂತು ಒಂದೊಂದೇ ಕೇಳ್ತಾರೆ. ಮೊದ್ಲು ಅಂಕಿ ಗುರುತಿಸೋದು, ಆಮೇಲೆ ದಶಕ ಸಹಿತ ಎರಡಂಕಿ ಕಳೆಯೋ ಲೆಕ್ಕ, ಆಮೇಲೆ ಮೂರಂಕಿನ ಒಂದಂಕಿಯಿಂದ ಭಾಗಿಸೋದು. ಅಷ್ಟೇ ಇರೋದು. ಎಂಟನೇ ಕ್ಲಾಸಿನ ಮಗುಗೂ ಇದೇ ಹಾಳೆ. 2024ರಲ್ಲಿ 605 ಜಿಲ್ಲೆಗಳ ಸುಮಾರು 18 ಸಾವಿರ ಹಳ್ಳಿಗಳಲ್ಲಿ ಆರು ಲಕ್ಷ ನಲವತ್ತೊಂಬತ್ತು ಸಾವಿರ ಮಕ್ಕಳನ್ನ ಮಾತಾಡಿಸಿದ್ರು. ಮೂರನೇ ಕ್ಲಾಸಲ್ಲಿ ಕಳೆಯೋ ಲೆಕ್ಕ ಮಾಡೋರು 2018ರಲ್ಲಿ ಶೇ. 28.2 ಇದ್ರು, 2022ರಲ್ಲಿ 25.9ಕ್ಕೆ ಇಳಿದ್ರು, 2024ರಲ್ಲಿ 33.7ಕ್ಕೆ ಏರಿದ್ರು. ಐದನೇ ಕ್ಲಾಸಲ್ಲಿ ಭಾಗಾಕಾರ ಮಾಡೋರು 27.9, ಆಮೇಲೆ 25.6, ಈಗ 30.7. ಕೋವಿಡ್‌ಗಿಂತ ಮುಂಚೆ ಎಲ್ಲಿದ್ರೋ ಅದನ್ನೂ ದಾಟಿದಾರೆ, ಅದೇ ನೀವು ಓದಿದ ಖುಷಿ ಸುದ್ದಿ.

ಜುಲೈಲಿ ಬಂದಿದ್ದು ಪರಖ್ ರಾಷ್ಟ್ರೀಯ ಸರ್ವೇಕ್ಷಣ, ಮುಂಚೆ ನ್ಯಾಸ್ ಅಂತಿದ್ರಲ್ಲ ಅದರದ್ದೇ ಹೊಸ ರೂಪ, ಕೇಂದ್ರ ಸರ್ಕಾರದ್ದು. ಪರೀಕ್ಷೆ ನಡೆದಿದ್ದು 2024ರ ಡಿಸೆಂಬರ್ 4ಕ್ಕೆ, 781 ಜಿಲ್ಲೆ, 74 ಸಾವಿರ ಶಾಲೆ, 21 ಲಕ್ಷಕ್ಕೂ ಜಾಸ್ತಿ ಮಕ್ಕಳು, ಸರ್ಕಾರಿ ಖಾಸಗಿ ಎರಡೂ, ಹಳ್ಳಿ ಪಟ್ಟಣ ಎರಡೂ. ಆವತ್ತು ಶಾಲೆಗೆ ಬಂದ ಮಕ್ಕಳಿಗೆ ಮಾತ್ರ, ಪೇಪರ್ ಮೇಲೆ, ಆಯ್ಕೆ ಉತ್ತರದ ಪ್ರಶ್ನೆಗಳು. ಗಣಿತದಲ್ಲಿ ಮೂರನೇ ಕ್ಲಾಸಿನ ದೇಶದ ಸರಾಸರಿ ಶೇ. 60, ಆರನೇ ಕ್ಲಾಸು 46, ಒಂಬತ್ತನೇ ಕ್ಲಾಸು 37.

ಮಗ್ಗಿ ವಿಷಯಕ್ಕೆ ಬರ್ತೀನಿ. ಆರನೇ ಕ್ಲಾಸಲ್ಲಿ ಶೇ. 53 ಮಕ್ಕಳಿಗೆ ಬರುತ್ತೆ ಅಂತ ಹೇಳಿದ್ದು ಬರೀ ಮಗ್ಗಿ ಒಪ್ಪಿಸೋದಕ್ಕಲ್ಲ. ಕೂಡೋದು ಕಳೆಯೋದು ಗುಣಿಸೋದು ಭಾಗಿಸೋದು, ಅವುಗಳ ಒಳಗಿನ ಸಂಬಂಧ, ಹತ್ತರ ತನಕ ಮಗ್ಗಿ, ಅದನ್ನೆಲ್ಲ ದಿನನಿತ್ಯದ ಸಮಸ್ಯೆಗೆ ಹಚ್ಚೋದು, ಇಷ್ಟೂ ಸೇರಿ ಒಂದು ಸಾಮರ್ಥ್ಯ ಅಂತ ಲೆಕ್ಕ ಹಾಕಿದಾರೆ. ಹೆಡ್‌ಲೈನಿಗೆ ಮಗ್ಗಿ ಒಂದೇ ಹಿಡಿಸ್ತು ಅಂತ ಕಾಣುತ್ತೆ. ಹಂಗಂತ ಸಮಾಧಾನ ಪಟ್ಕೊಳ್ಳೋ ಅಂಕಿ ಇದಲ್ಲ, ಯಾಕಂದ್ರೆ ಮಗ್ಗಿ ಬಾಯಿಪಾಠ ಬಂದೂ ಎಲ್ಲಿ ಗುಣಿಸ್ಬೇಕು ಅಂತ ಗೊತ್ತಾಗದೆ ಇರೋ ಮಗು ಇನ್ನೂ ಕಷ್ಟದಲ್ಲಿರುತ್ತೆ.

ಪ್ರಶ್ನೆ: ನಾನು ರಿಟೈರ್ಡ್ ಬ್ಯಾಂಕ್ ನೌಕರ. ನಮ್ಮ ಕಾಲದಲ್ಲಿ ಇಪ್ಪತ್ತರ ಮಗ್ಗಿ, ಕಾಲು ಅರೆ ಮುಕ್ಕಾಲಿನ ಲೆಕ್ಕ ಎಲ್ಲಾ ಬಾಯಲ್ಲೇ. ಈಗಿನ ಮಕ್ಕಳಿಗೆ ಮೊಬೈಲ್ ಬೇಕು. ವರ್ಷದಿಂದ ವರ್ಷಕ್ಕೆ ಕೆಳಗೆ ಹೋಗ್ತಿದೀವಿ ಅನ್ನೋದು ನಿಜ ತಾನೇ?

ಉತ್ತರ: ಒಂದೇ ದಿಕ್ಕಿಗೆ ಹೋಗಿಲ್ಲ ಸರ್, ಅದನ್ನ ಅಂಕಿ ಇಟ್ಟೇ ಹೇಳ್ತೀನಿ. ನಿಮ್ಮ ಕಾಲದ್ದಕ್ಕೆ ಹೋಲಿಸೋಕೆ ಈ ಥರ ಪರೀಕ್ಷೆನೇ ಆಗ ಇರ್ಲಿಲ್ಲ. ಇನ್ನೊಂದು, ನಿಮ್ಮ ಕ್ಲಾಸಲ್ಲಿ ಕೂತಿದ್ದೋರು ಯಾರು ಅಂತ ಸ್ವಲ್ಪ ನೆನಪು ಮಾಡ್ಕೊಳಿ. 1951ರ ಜನಗಣತಿಲಿ ದೇಶದ ಸಾಕ್ಷರತೆ ಶೇ. 18 ಚಿಲ್ಲರೆ. ಆಮೇಲಿನ ಎರಡು ಮೂರು ದಶಕಗಳಲ್ಲೂ ಎಷ್ಟೋ ಮನೆಗಳ ಹೆಣ್ಮಕ್ಕಳು, ಕೂಲಿ ಮಾಡೋರ ಮಕ್ಕಳು ಶಾಲೆ ಮೆಟ್ಟಿಲು ಹತ್ತಿರಲಿಲ್ಲ, ಹತ್ತಿದವರೂ ಮೂರು ನಾಲ್ಕನೇ ಕ್ಲಾಸಿಗೆ ಬಿಟ್ಟು ಹೋಗ್ತಿದ್ರು. ಇವತ್ತು ಆ ಮಕ್ಕಳೆಲ್ಲ ಕ್ಲಾಸಲ್ಲಿದಾರೆ, ಸರಾಸರಿ ಲೆಕ್ಕದಲ್ಲೂ ಇದಾರೆ. ಇದಕ್ಕಿಂತ ಒಳ್ಳೆ ವಿಷಯ ಯಾವುದಿದೆ ಹೇಳಿ.

ನಮ್ಮ ಹತ್ರ ಇರೋ ಅಂಕಿ ಪ್ರಕಾರ ನೋಡಿದ್ರೆ 2010ರ ಆಸುಪಾಸಿಂದ ನಿಜವಾಗ್ಲೂ ಒಂದು ಇಳಿತ ಇದೆ. ಅಸರ್‌ನಲ್ಲಿ ಐದನೇ ಕ್ಲಾಸಿನ ಭಾಗಾಕಾರ 2014ಕ್ಕೆ ಶೇ. 26ಕ್ಕೆ ಬಂದು ನಿಂತು, 2016ರಲ್ಲೂ ಅಲ್ಲೇ ಇತ್ತು, 2018ಕ್ಕೆ ಚೂರು ಮೇಲೆ, 2022ಕ್ಕೆ ಮತ್ತೆ ಕೆಳಗೆ, ಈಗ ಮೇಲೆ. 2010ರ ಸುಮಾರಿನ ಇಳಿತಕ್ಕೆ ಕಾರಣ ಏನು ಅಂತ ಬಹಳ ವಾದ ಆಗಿದೆ, ಕೆಲವರು ಶಿಕ್ಷಣ ಹಕ್ಕು ಕಾಯ್ದೆಯ ಫೇಲ್ ಮಾಡದೆ ಇರೋ ನಿಯಮ ಅಂತಾರೆ, ಕೆಲವರು ಕಲಿಯೋ ಶಕ್ತಿ ಇದ್ದ ಮನೆಗಳ ಮಕ್ಕಳು ಖಾಸಗಿ ಶಾಲೆಗೆ ಹೋದ್ರು ಅಂತಾರೆ, ಆದ್ರೆ ಖಾಸಗಿನೂ ಸೇರಿಸಿದ ಸರಾಸರಿಲೇ ಇಳಿತ ಇರೋದ್ರಿಂದ ಎರಡನೇ ಕಾರಣ ಒಂದೇ ಸಾಲಲ್ಲ. ಮೊಬೈಲ್ ಮೇಲೆ ಹಾಕೋಕೆ ಬರಲ್ಲ ಸರ್, ಹಳ್ಳಿ ಮನೆಗಳಲ್ಲಿ ಮಕ್ಕಳ ಕೈಗೆ ಸ್ಮಾರ್ಟ್‌ಫೋನ್ ಬಂದಿದ್ದು ಈ ಇಳಿತ ಆದ ಎಷ್ಟೋ ವರ್ಷಕ್ಕೆ.

ಪ್ರಶ್ನೆ: ಹಾಗಾದ್ರೆ ಕೋವಿಡ್ ನಷ್ಟ ತುಂಬಿ ಆಯ್ತು ಅಂತ ಅಂದ್ಕೋಬಹುದಾ? (ಇಬ್ಬರು ಕೇಳಿದಾರೆ)

ಉತ್ತರ: ಚಿಕ್ಕ ಮಕ್ಕಳದ್ದು ತುಂಬಿದೆ, ದೊಡ್ಡವರದ್ದು ತುಂಬಿಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ವರ್ಷ ಲೆಕ್ಕ ಹಾಕಿ ನೋಡಿ.

2024ರಲ್ಲಿ ಮೂರನೇ ಕ್ಲಾಸಲ್ಲಿದ್ದ ಮಗು ಒಂದನೇ ಕ್ಲಾಸಿಗೆ ಸೇರಿದ್ದು 2022ರಲ್ಲಿ. ಅಷ್ಟೊತ್ತಿಗೆ ಶಾಲೆ ತೆರೆದಿತ್ತು, ಆ ಮಗುಗೆ ಒಂದನೇ ಕ್ಲಾಸಿಂದ ಈಚೆಗೆ ಶಾಲೆ ಮುಚ್ಚಿದ್ದೇ ಗೊತ್ತಿಲ್ಲ. ಅದ್ರ ಜೊತೆಗೆ 2021ರ ಜುಲೈಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಲಿ, ಮೂರನೇ ಕ್ಲಾಸು ಮುಗಿಸೋಷ್ಟರಲ್ಲಿ ಓದು ಮತ್ತು ಅಂಕಿ ಬರಲೇಬೇಕು, 2026-27ಕ್ಕೆ ಇದು ಆಗಬೇಕು ಅಂತ ಗುರಿ ಇಟ್ರು. ಶೇ. 80ಕ್ಕೂ ಹೆಚ್ಚು ಶಾಲೆಗಳಿಗೆ ಇದರ ಸೂಚನೆ ಬಂದಿತ್ತು ಅಂತ ಅಸರ್‌ನವರೇ ಬರೆದಿದಾರೆ. ಹಾಗಾಗಿ ಚಿಕ್ಕವರ ಏರಿಕೆ ಗಾಳಿಲಿ ಬಂದಿದ್ದಲ್ಲ, ಮೇಷ್ಟ್ರುಗಳು ಕೂತು ಕಲಿಸಿದ್ದು, ಅದಕ್ಕೆ ಅವರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು.

ಈಗ ಅದೇ 2024ರ ಆರನೇ ಕ್ಲಾಸಿನ ಮಗು ನೋಡಿ. ಅದಕ್ಕೆ 2020-21 ಎರಡನೇ ಕ್ಲಾಸು, 2021-22 ಮೂರನೇ ಕ್ಲಾಸು. ಕರ್ನಾಟಕದಲ್ಲಿ ಒಂದರಿಂದ ಐದನೇ ಕ್ಲಾಸು ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ವಿದ್ಯಾಗಮ ಅಂತ ಮೇಷ್ಟ್ರುಗಳು ಮಕ್ಕಳಿರೋ ಕಡೆಗೇ ಹೋಗಿ ಪಾಠ ಮಾಡಿದ್ರು, ದೊಡ್ಡ ಕೆಲಸ ಅದು, ಆದ್ರೂ ದಿನಾ ಕೂತು ಕಲಿಯೋ ಶಾಲೆಗೆ ಅದು ಸಮ ಆಗಲ್ಲ. ದಶಕ ತಗೊಂಡು ಕಳೆಯೋದು, ಮಗ್ಗಿ, ಗುಣಾಕಾರದ ಶುರು, ಇವೆಲ್ಲ ಸರಿಯಾಗಿ ಎರಡು ಮೂರನೇ ಕ್ಲಾಸಿನ ವಿಷಯಗಳು. ಒಂಬತ್ತನೇ ಕ್ಲಾಸಿನವರಿಗೆ ತಪ್ಪಿದ್ದು ಐದು ಮತ್ತು ಆರು, ಅಂದ್ರೆ ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆ. ಆಮೇಲೆ ಯಾವ ಕ್ಲಾಸಲ್ಲೂ ಅದನ್ನ ಮೊದಲಿಂದ ಹೇಳ್ಕೊಡೋ ಪಾಠ ಇರಲ್ಲ. ನಮ್ಮ ರಾಜ್ಯದಲ್ಲಿ 2022-23ನೇ ಸಾಲಿನ ಕಲಿಕಾ ಚೇತರಿಕೆ ಕಾರ್ಯಕ್ರಮ ಇದಕ್ಕೋಸ್ಕರನೇ ಬಂದಿದ್ದು, ಆದ್ರೆ ಎರಡು ವರ್ಷದ್ದನ್ನ ಒಂದು ವರ್ಷದಲ್ಲಿ ಹಾಲಿ ವರ್ಷದ ಪಾಠದ ಜೊತೆಗೇ ತುಂಬೋದು ಯಾರಿಗಾದ್ರೂ ಕಷ್ಟನೇ.

ಇದೇ ಕಾರಣಕ್ಕೆ 2021ರ ನ್ಯಾಸ್ ಅಂಕಿನ ಎಚ್ಚರಿಕೆಯಿಂದ ಓದಿ. ಅದು ನಡೆದಿದ್ದು 2021ರ ನವೆಂಬರ್ 12ಕ್ಕೆ, ಅಂದ್ರೆ ನಮ್ಮ ಚಿಕ್ಕ ಮಕ್ಕಳು ಶಾಲೆಗೆ ವಾಪಸ್ ಬಂದು ಮೂರು ವಾರನೂ ಆಗಿರ್ಲಿಲ್ಲ. ಆವಾಗ ಗಣಿತದಲ್ಲಿ 500ರ ಸ್ಕೇಲಿನ ಮೇಲೆ ಮೂರನೇ ಕ್ಲಾಸು 306, ಐದು 284, ಎಂಟು 255 ಬಂತು. (306ನ್ನ ಐದರಿಂದ ಭಾಗಿಸಿ ಶೇ. 61 ಅಂತ ಬರೆಯೋದು ಸರಿಯಲ್ಲ, ಇದು ಪ್ರಶ್ನೆಗಳ ಕಷ್ಟ ಸುಲಭ ಎಲ್ಲ ಸೇರಿಸಿ ಹೊಂದಿಸಿದ ಸ್ಕೇಲು, ನೂರಕ್ಕೆ ಎಷ್ಟು ಸರಿ ಅನ್ನೋ ಲೆಕ್ಕ ಅಲ್ಲ.)

ಪ್ರಶ್ನೆ: ಹೈಸ್ಕೂಲ್ ಗಣಿತ ಶಿಕ್ಷಕ ನಾನು. ಯಾವ ಸರ್ವೆ ತೆಗೆದ್ರೂ ಒಂದೇ ಕಥೆ ಮೇಡಂ, ಕ್ಲಾಸ್ ಏರಿದಂಗೆ ಗಣಿತ ಇಳಿಯುತ್ತೆ. ಬೈಸ್ಕೊಳ್ಳೋದು ನಾವು. ಯಾಕೆ ಹಿಂಗೆ ಅಂತ ಸ್ವಲ್ಪ ಬಿಡಿಸಿ ಬರೀರಿ.

ಉತ್ತರ: ಸರ್, ಇಡೀ ಅಂಕಣದಲ್ಲಿ ಮುಖ್ಯವಾದ ಪ್ರಶ್ನೆ ನಿಮ್ಮದು. ಈ ವರ್ಷ ಎರಡು ಪರ್ಸೆಂಟ್ ಏರ್ತು, ಆ ವರ್ಷ ಎರಡು ಇಳೀತು ಅನ್ನೋ ಗಲಾಟೆಲಿ ಇದು ಮುಚ್ಚಿ ಹೋಗುತ್ತೆ. 2017ರ ನ್ಯಾಸ್‌ನಲ್ಲಿ ಗಣಿತದ ಸರಾಸರಿ ಮೂರನೇ ಕ್ಲಾಸಲ್ಲಿ ಶೇ. 64, ಐದರಲ್ಲಿ 53, ಎಂಟರಲ್ಲಿ 42. ಆಗ ಕೋವಿಡ್ ಹೆಸರೇ ಯಾರೂ ಕೇಳಿರ್ಲಿಲ್ಲ. 2024ರ ಪರಖ್‌ನಲ್ಲಿ ಮೂರು, ಆರು, ಒಂಬತ್ತನೇ ಕ್ಲಾಸಿಗೆ 60, 46, 37. ಏಳು ವರ್ಷ ಆದ್ರೂ ಅದೇ ಇಳಿಜಾರು. ಒಂದೊಂದು ಕ್ಲಾಸಿಗೂ ಪೇಪರ್ ಬೇರೆ ಆದ್ದರಿಂದ 60 ಇದ್ದಿದ್ದು 37 ಆಯ್ತು ಅಂತ ನೇರ ಕಳೆಯೋಕೆ ಬರಲ್ಲ, ಆದ್ರೆ ಭಾಷೆ ಪಕ್ಕದಲ್ಲಿ ಇಟ್ಟು ನೋಡಿ, 2024ರಲ್ಲಿ ಭಾಷೆಲಿ 64, 57, 54. ಭಾಷೆ ಹತ್ತು ಇಳಿದ ಕಡೆ ಗಣಿತ ಇಪ್ಪತ್ತಮೂರು ಇಳಿದಿದೆ. ಇನ್ನು ಅಸರ್‌ನಲ್ಲಿ ಎಂಟನೇ ಕ್ಲಾಸಿನ ಭಾಗಾಕಾರ 2018ರಲ್ಲಿ 44.1, 2022ರಲ್ಲಿ 44.7, 2024ರಲ್ಲಿ 45.8. ಅಲುಗಾಡೇ ಇಲ್ಲ. ನಾಲ್ಕನೇ ಕ್ಲಾಸಲ್ಲಿ ಬರಬೇಕಾದ ಲೆಕ್ಕ ಎಂಟನೇ ಕ್ಲಾಸಲ್ಲಿ ಅರ್ಧಕ್ಕಿಂತ ಜಾಸ್ತಿ ಹಳ್ಳಿ ಮಕ್ಕಳಿಗೆ ಬರ್ತಿಲ್ಲ, ಕೋವಿಡ್ ಬಂದ್ರೂ ಅಷ್ಟೇ ಹೋದ್ರೂ ಅಷ್ಟೇ.

ಯಾಕೆ ಅಂದ್ರೆ, ಗಣಿತ ಒಂದರ ಮೇಲೊಂದು ಕೂರೋ ವಿಷಯ. ಇತಿಹಾಸದಲ್ಲಿ ಒಂದು ಪಾಠ ತಪ್ಪಿದ್ರೆ ಇನ್ನೊಂದು ಓದ್ಕೋಬಹುದು. ಇಲ್ಲಿ ಆಗಲ್ಲ. ಒಂದು ಉದಾಹರಣೆ ಹತ್ರದಿಂದ ನೋಡೋಣ, 63ರಲ್ಲಿ 27 ಕಳೆಯೋದು. ಉತ್ತರ 36. ಒಂದು ಮಗು 44 ಅಂತ ಬರೆಯುತ್ತೆ, ಯಾಕಂದ್ರೆ ಬಿಡಿ ಸ್ಥಾನದಲ್ಲಿ ಮೇಲೆ 3 ಕೆಳಗೆ 7 ಇದೆ, ದೊಡ್ಡದರಲ್ಲಿ ಚಿಕ್ಕದು ಕಳೆಯೋದು ಅಂತ ಅದರ ತಲೇಲಿ ಕೂತಿದೆ, 7ರಲ್ಲಿ 3 ಕಳೆದು 4 ಬರೆದುಬಿಡ್ತು. ಇನ್ನೊಂದು ಮಗು 46 ಬರೆಯುತ್ತೆ, ಅದಕ್ಕೆ ಪಕ್ಕದಿಂದ ದಶಕ ತಗೋಬೇಕು ಅಂತ ಗೊತ್ತು, 13ರಲ್ಲಿ 7 ಹೋದ್ರೆ 6 ಸರಿಯಾಗೇ ಮಾಡ್ತು, ಆದ್ರೆ 6 ಹತ್ತು ಇದ್ದಿದ್ದು 5 ಹತ್ತು ಆಯ್ತು ಅನ್ನೋದನ್ನ ಮರೀತು. ಮೂರನೇ ಮಗು 40 ಬರೆಯುತ್ತೆ, 3ರಲ್ಲಿ 7 ಹೋಗಲ್ಲ ಅಂತ ಸೊನ್ನೆ ಇಟ್ಟು ಮುಂದೆ ಹೋಯ್ತು. ಸರ್ವೆಲಿ ಮೂವರಿಗೂ ತಪ್ಪು ಅಂತ ಒಂದೇ ಗುರುತು. ಆದ್ರೆ 46 ಬರೆದ ಮಗುಗೆ ಬೇಕಾಗಿರೋದು ಹತ್ತು ನಿಮಿಷದ ಮಾತು, 44 ಮತ್ತು 40 ಬರೆದವರಿಗೆ ಸ್ಥಾನಬೆಲೆನೇ ಮೊದಲಿಂದ ಬೇಕು, ಕಡ್ಡಿ ಕಟ್ಟು ಇಟ್ಕೊಂಡು ಹತ್ತರ ಒಂದು ಕಟ್ಟು ಬಿಚ್ಚಿದ್ರೆ ಹತ್ತು ಬಿಡಿ ಆಗುತ್ತೆ ಅಂತ ಕೈಲಿ ಮಾಡಿಸ್ಬೇಕು. ಇದನ್ನ ಬಿಡಿಸದೆ ಮೂವರನ್ನೂ ಮುಂದಿನ ಕ್ಲಾಸಿಗೆ ಕಳಿಸಿದ್ರೆ, ಮುಂದೆ 618ನ್ನ 6ರಿಂದ ಭಾಗಿಸು ಅಂದಾಗ 103 ಬದಲು 13 ಬರೆಯೋ ಮಕ್ಕಳು ಇವರೇ. ನಡುವಿನ ಸೊನ್ನೆ ಯಾಕೆ ಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ, ಹೇಳಿದ್ರೂ ಸ್ಥಾನಬೆಲೆ ಇಲ್ದೆ ಅದು ಅರ್ಥ ಆಗಲ್ಲ.

ಆಮೇಲೆ ಭಿನ್ನರಾಶಿ ಬರುತ್ತೆ, ಅಲ್ಲಿ ಪೂರ್ತಿ ಕೈ ಬಿಡುತ್ತೆ. ಪರಖ್‌ನಲ್ಲಿ ಆರನೇ ಕ್ಲಾಸಿನ ಮಕ್ಕಳಿಗೆ ಅರ್ಧ, ಕಾಲು ಥರದ ಭಿನ್ನರಾಶಿ ಗುರುತಿಸೋದು, ಹೋಲಿಸೋದು ಕೇಳಿದ್ರೆ ಸರಿ ಬಂದಿದ್ದು ಶೇ. 29 ಮಾತ್ರ. ನಾಲ್ಕು ಉತ್ತರ ಕೊಟ್ಟು ಒಂದನ್ನ ಆರಿಸು ಅಂದಾಗ ಕಣ್ಣು ಮುಚ್ಚಿ ಗುರುತು ಹಾಕಿದ್ರೂ 25 ಸರಿ ಬರುತ್ತೆ ಅನ್ನೋದನ್ನ ನೆನಪಿಟ್ಕೊಂಡು ಈ 29ನ್ನ ಓದಿ. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆದ ಅಂಕಿ ಇದು. 1/2ಕ್ಕೆ 1/3 ಕೂಡಿಸು ಅಂದ್ರೆ ಮೇಲಿಂದು ಮೇಲೆ ಕೆಳಗಿಂದು ಕೆಳಗೆ ಕೂಡಿ 2/5 ಅನ್ನೋ ಮಕ್ಕಳನ್ನ ನೀವು ದಿನಾ ನೋಡಿರ್ತೀರ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಹೆಂಗಾಯ್ತು ಅಂತ ಆ ಮಗುಗೆ ಅನುಮಾನನೇ ಬರಲ್ಲ, ಯಾಕಂದ್ರೆ 2/5 ಅನ್ನೋದು ಅದಕ್ಕೆ ಒಂದು ಸಂಖ್ಯೆ ಅಲ್ಲ, ಗೆರೆಯ ಮೇಲೊಂದು ಕೆಳಗೊಂದು ಇರೋ ಎರಡು ಅಂಕಿ. ಇಂಥ ಮಗುಗೆ ನೀವು ಒಂಬತ್ತನೇ ಕ್ಲಾಸಲ್ಲಿ ಭಾಗಲಬ್ಧ ಸಂಖ್ಯೆ, ಬೀಜಗಣಿತ ಹೇಳ್ಕೊಡಬೇಕು, ಸಿಲೆಬಸ್ ಬೇರೆ ಮುಗಿಸ್ಬೇಕು. ಬೈಸ್ಕೊಳ್ಳೋದು ನಿಮ್ಮ ತಪ್ಪಿಗಲ್ಲ ಸರ್, ಐದು ವರ್ಷ ಹಿಂದೆ ತುಂಬದೆ ಬಿಟ್ಟ ಜಾಗಕ್ಕೆ.

ಪ್ರಶ್ನೆ: ಸರ್ವೆಗೆ ನಮ್ಮ ಶಾಲೆ ಬಂತು ಅಂದ್ರೆ ಓಎಂಆರ್ ತುಂಬಿಸೋ ಪ್ರಾಕ್ಟೀಸು, ಹಳೇ ಪೇಪರ್ ಬಿಡಿಸೋದು, ಪಾಠ ನಿಲ್ಲುತ್ತೆ. ರ‍್ಯಾಂಕ್ ಬರಬೇಕಂತೆ. ಇದರಿಂದ ಮಕ್ಕಳಿಗೇನು ಲಾಭ? (ಪ್ರಾಥಮಿಕ ಶಾಲಾ ಶಿಕ್ಷಕಿ)

ಉತ್ತರ: ಏನೂ ಇಲ್ಲ ಮೇಡಂ, ನಷ್ಟನೇ ಜಾಸ್ತಿ. ಓಎಂಆರ್ ಗುಂಡಿ ತುಂಬೋದು ಗೊತ್ತಿಲ್ಲದ ಮಗುಗೆ ಅರ್ಧ ದಿನ ಅದನ್ನ ಹೇಳ್ಕೊಡಿ, ಅದು ನ್ಯಾಯ. ಅದಕ್ಕಿಂತ ಮೇಲೆ ಬೇಡ. ಇದು ಸ್ಯಾಂಪಲ್ ಸರ್ವೆ, ನಿಮ್ಮ ಮಕ್ಕಳ ಮಾರ್ಕ್ಸ್ ಕಾರ್ಡ್ ಅಲ್ಲ, ಒಂದೊಂದು ಮಗುಗೂ ಅಂಕ ಅಂತ ಬರಲ್ಲ, ಜಿಲ್ಲೆ ಮತ್ತು ರಾಜ್ಯ ಎಲ್ಲಿದೆ ಅಂತ ತಿಳಿಯೋಕೆ ಮಾಡೋದು. ಉಸಿರು ಬಿಗಿ ಹಿಡಿದು ತೂಕ ನೋಡ್ಕೊಂಡ್ರೆ ತೂಕದ ಮಷಿನ್ನಿಗೆ ಏನೂ ಆಗಲ್ಲ, ನಮಗೇ ನಮ್ಮ ತೂಕ ಗೊತ್ತಾಗಲ್ಲ ಅಷ್ಟೆ.

ಇದರ ಪರಿಣಾಮ ಸಣ್ಣದಲ್ಲ. 2017ರ ನ್ಯಾಸ್ ಅಂಕಿಗಳನ್ನ ಅಸರ್ ಮತ್ತೆ ಇನ್ನೊಂದು ಮನೆ ಮನೆ ಸರ್ವೆ ಜೊತೆ ಇಟ್ಟು ನೋಡಿದ ಇಬ್ಬರು ಸಂಶೋಧಕರು, ನ್ಯಾಸ್‌ನ ರಾಜ್ಯವಾರು ಸರಾಸರಿಗಳು ನಿಜಕ್ಕಿಂತ ಉಬ್ಬಿರೋ ಹಾಗಿದೆ, ರಾಜ್ಯಗಳ ಕ್ರಮನೂ ಬೇರೆ ಸರ್ವೆಗಳ ಜೊತೆ ಸರಿಯಾಗಿ ಹೊಂದಲ್ಲ ಅಂತ 2021ರಲ್ಲಿ ಪ್ರಕಟಿಸಿದ್ರು. ಹಾಗಾಗಿ ನಿಮ್ಮ ರಾಜ್ಯ ಎಷ್ಟನೇ ಸ್ಥಾನ, ಪಕ್ಕದ ರಾಜ್ಯ ಎಷ್ಟನೇದು ಅನ್ನೋದನ್ನ ನಾನು ಈ ಅಂಕಣದಲ್ಲಿ ಬರೆಯೋದೇ ಇಲ್ಲ. ಮೂರನೇ ಕ್ಲಾಸಿಗೆ 2022ರ ಮಾರ್ಚಲ್ಲಿ ಮಗು ಪಕ್ಕ ಕೂತು ಮಾಡಿದ ಇನ್ನೊಂದು ಸರ್ಕಾರಿ ಅಧ್ಯಯನ ಇದೆ, ಹತ್ತು ಸಾವಿರ ಶಾಲೆಗಳ ಸುಮಾರು 86 ಸಾವಿರ ಮಕ್ಕಳು. ಅದರಲ್ಲಿ ಅಂಕಿ ಲೆಕ್ಕದ ಅತಿ ಮೂಲ ತಿಳುವಳಿಕೆನೂ ಇಲ್ಲದವರು ಶೇ. 11, ಅರ್ಧಂಬರ್ಧ ಬರೋರು 37, ಸಾಕಷ್ಟು ಬರೋರು 42, ಚೆನ್ನಾಗಿ ಬರೋರು 10. ಸರಾಸರಿ ಒಂದು ಅಂಕಿ ಹೇಳೋದಕ್ಕಿಂತ ಹಿಂಗೆ ಹೇಳಿದ್ರೆ ಮೇಷ್ಟ್ರಿಗೂ ಉಪಯೋಗ, ತನ್ನ ಕ್ಲಾಸಲ್ಲಿ ಆ 11 ಯಾರು ಅಂತ ಹುಡುಕಬಹುದು.

ಪ್ರಶ್ನೆ: ನನ್ನ ಮಗಳ ಸಂಸಾರ ಅಮೆರಿಕದಲ್ಲಿದೆ. ಅಲ್ಲೂ ಮಕ್ಕಳ ಗಣಿತ ಕುಸಿದಿದೆ ಅಂತಾಳೆ. ಅಷ್ಟು ದುಡ್ಡಿರೋ ದೇಶದಲ್ಲೂನಾ?

ಉತ್ತರ: ಹೌದಮ್ಮ. ಅಲ್ಲಿ ನೇಪ್ ಅನ್ನೋ ಪರೀಕ್ಷೆ ಇದೆ, ಗಣಿತದಲ್ಲಿ 1990ರಿಂದ ಒಂದೇ ಸ್ಕೇಲ್ ಇಟ್ಕೊಂಡಿದಾರೆ. ಎಂಟನೇ ಕ್ಲಾಸಿನ ಸರಾಸರಿ 1990ರಲ್ಲಿ 263 ಇತ್ತು, ಏರ್ತಾ ಏರ್ತಾ 2013ಕ್ಕೆ 285 ಆಯ್ತು, 2019ಕ್ಕೆ 282, 2022ಕ್ಕೆ 274, 2024ರಲ್ಲೂ 274ರಲ್ಲೇ ನಿಂತಿದೆ. ನಾಲ್ಕನೇ ಕ್ಲಾಸು 213ರಿಂದ 2019ಕ್ಕೆ 241ಕ್ಕೆ ಹೋಗಿತ್ತು, 2022ರಲ್ಲಿ 236ಕ್ಕೆ ಬಿತ್ತು, 2024ಕ್ಕೆ 237. ಗಮನಿಸಿ, ಅಲ್ಲೂ ಚಿಕ್ಕವರು ಒಂಚೂರು ಎದ್ದಿದಾರೆ, ದೊಡ್ಡವರು ಎದ್ದಿಲ್ಲ. ಇಳಿತ ಕೋವಿಡ್‌ಗಿಂತ ಮುಂಚೆನೇ ಶುರುವಾಗಿತ್ತು, ಅದೂ ಹಿಂದುಳಿದ ಮಕ್ಕಳಲ್ಲಿ. 2024ರಲ್ಲಿ ಎಂಟನೇ ಕ್ಲಾಸಲ್ಲಿ ಮುಂದಿದ್ದೋರು ಏರಿದ್ರು, ಹಿಂದಿದ್ದೋರು ಇನ್ನೂ ಇಳಿದ್ರು, ಸರಾಸರಿ ಮಾತ್ರ ಅಲ್ಲಾಡದೆ ನಿಂತ ಹಾಗೆ ಕಾಣ್ತು. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ಮಾಡೋ ಪೀಸಾ ಪರೀಕ್ಷೆಲಿ, 2022ರಲ್ಲಿ ಶ್ರೀಮಂತ ದೇಶಗಳ ಗಣಿತ ಸರಾಸರಿನೂ 2018ಕ್ಕಿಂತ ಹತ್ತತ್ರ 15 ಅಂಕ ಬಿದ್ದು 472ಕ್ಕೆ ಬಂತು.

ಅಲ್ಲಿಂದ ನಾವು ಕಲೀಬೇಕಾಗಿರೋದು ಒಂದಿದೆ. ಮೂವತ್ತನಾಲ್ಕು ವರ್ಷ ಅದೇ ಸ್ಕೇಲು, ಅದೇ ಕ್ಲಾಸುಗಳು ಅಂತ ಹಟ ಹಿಡಿದಿದ್ದಕ್ಕೆ ಅವರಿಗೆ ಯಾವಾಗ ಇಳೀತು, ಯಾರದ್ದು ಇಳೀತು ಅಂತ ಬೆರಳಿಟ್ಟು ಹೇಳೋಕಾಗುತ್ತೆ. ನಮ್ಮಲ್ಲಿ 2017ರಲ್ಲಿ 3, 5, 8ನೇ ಕ್ಲಾಸು, ಶೇಕಡಾ ಲೆಕ್ಕ. 2021ರಲ್ಲಿ 500ರ ಸ್ಕೇಲು. 2024ರಲ್ಲಿ ಹೊಸ ಶಿಕ್ಷಣ ನೀತಿಯ ಹಂತಗಳಿಗೆ ಹೊಂದಿಸಿ 3, 6, 9ನೇ ಕ್ಲಾಸು. ಬದಲಾವಣೆಗೆ ಕಾರಣ ಇತ್ತು, ಒಪ್ಕೋತೀನಿ. ಇನ್ಮೇಲಾದ್ರೂ ಹತ್ತು ಹದಿನೈದು ವರ್ಷ ಇದನ್ನ ಮುಟ್ಟದೆ ಬಿಡಬೇಕು, ಪ್ರತಿ ಸಲ ಅಳತೆಗೋಲು ಬದಲಾದ್ರೆ ಎಷ್ಟು ಬೆಳೆದ್ವಿ ಅಂತ ಯಾರಿಗೂ ಗೊತ್ತಾಗಲ್ಲ.

ಪ್ರಶ್ನೆ: ನಮ್ಮ ಹುಡುಗ ರಜೆಲಿ ವ್ಯಾಪಾರಕ್ಕೆ ಕೂತ್ರೆ ಚಿಲ್ಲರೆ ಲೆಕ್ಕ ಪಟಪಟ ಹೇಳ್ತಾನೆ, ಪರೀಕ್ಷೆಲಿ ಸೊನ್ನೆ. ಅಂದ್ರೆ ಪರೀಕ್ಷೆನೇ ಸರಿಯಿಲ್ಲ ಅಂತಲ್ವಾ?

ಉತ್ತರ: ಪೂರ್ತಿ ಹಂಗೆ ಹೇಳೋಕಾಗಲ್ಲ, ಆದ್ರೆ ನೀವು ಹಿಡಿದಿರೋ ಎಳೆ ಸರಿ. 2025ರ ಫೆಬ್ರವರಿಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತೆ ಅವರ ಜೊತೆಯವರ ಅಧ್ಯಯನ ಒಂದು ಬಂತು. ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳಲ್ಲಿ ಮಾರಾಟಕ್ಕೆ ಕೂರೋ ಮಕ್ಕಳ ಹತ್ರ ಇವರ ತಂಡದವರು ಗಿರಾಕಿ ಥರ ಹೋಗಿ, ಇಷ್ಟು ಗ್ರಾಂ ಇದು ಅಷ್ಟು ಗ್ರಾಂ ಅದು ಕೊಡು ಅಂತ ಕೇಳಿ ನೋಟು ಕೊಟ್ರು, ಹೆಚ್ಚಿನ ಮಕ್ಕಳು ಪೇಪರ್ ಪೆನ್ನಿಲ್ದೆ ಒಟ್ಟು ಮೊತ್ತ, ವಾಪಸ್ ಕೊಡೋ ಚಿಲ್ಲರೆ ಎರಡೂ ಸರಿಯಾಗಿ ಹೇಳಿದ್ರು. ಅದೇ ಮಕ್ಕಳಿಗೆ ಶಾಲೆ ಪುಸ್ತಕದ ರೀತಿ ಕಳೆಯೋ, ಭಾಗಿಸೋ ಲೆಕ್ಕ ಕೊಟ್ರೆ ಸೋತ್ರು. ತಮಾಷೆ ಅಲ್ಲ ಇದು, ಮಾರುಕಟ್ಟೆ ಕೆಲಸ ಗೊತ್ತಿಲ್ಲದ ಶಾಲಾ ಮಕ್ಕಳಿಗೆ ಉಲ್ಟಾ ಆಯ್ತು, ಪುಸ್ತಕದ ಲೆಕ್ಕ ಮಾಡಿದ್ರು, ಮಾರುಕಟ್ಟೆ ಲೆಕ್ಕದಲ್ಲಿ ಬಿದ್ರು.

ಅಂದ್ರೆ ನಿಮ್ಮ ಹುಡುಗನ ತಲೆ ಚೆನ್ನಾಗೇ ಇದೆ. ಅವನು 200ರಲ್ಲಿ 137 ಹೋದ್ರೆ ಎಷ್ಟು ಅಂತ ಕಳೆಯಲ್ಲ, 137ಕ್ಕೆ 3 ಸೇರಿಸಿ 140, 60 ಸೇರಿಸಿ 200, ಒಟ್ಟು 63 ಅಂತ ಮೇಲಕ್ಕೆ ಹತ್ತಿ ಹೇಳ್ತಾನೆ. ಗಣಿತದಲ್ಲಿ ಅದು ಸರಿಯಾದ ದಾರಿನೇ. ಅವನ ಮೇಷ್ಟ್ರಿಗೆ ಇದನ್ನ ಹೇಳಿ, ನೀನು ಮನಸಲ್ಲಿ ಮಾಡಿದ್ದನ್ನೇ ಬೋರ್ಡ್ ಮೇಲೆ ಬರಿ ಅಂತ ಕೇಳ್ಸಿ. ಪುಸ್ತಕದ ಕ್ರಮ ಅವನಿಗೆ ಬೇಡ ಅಂತ ಮಾತ್ರ ಅಂದ್ಕೋಬೇಡಿ, ಭಿನ್ನರಾಶಿ, ಬೀಜಗಣಿತಕ್ಕೆ ಹೋಗೋಕೆ ಬರೆಯೋ ಲೆಕ್ಕ ಬೇಕೇ ಬೇಕು.

ಪ್ರಶ್ನೆ: ಮಗ ಎಂಟನೇ ಕ್ಲಾಸು, ಗಣಿತ ಅಂದ್ರೆ ಅಳ್ತಾನೆ. ಟ್ಯೂಷನ್ನಿಗೆ ಹಾಕಿದೀವಿ, ಏನೂ ಬದಲಾಗಿಲ್ಲ. ದೇಶದ ಅಂಕಿ ಬಿಡಿ, ನಾನೇನು ಮಾಡ್ಲಿ ಹೇಳಿ.

ಉತ್ತರ: ಟ್ಯೂಷನ್ನಲ್ಲಿ ಏನು ಮಾಡಿಸ್ತಿದಾರೆ ಅಂತ ಮೊದ್ಲು ನೋಡಿ. ಎಂಟನೇ ಕ್ಲಾಸಿನ ಪಾಠನೇ ಇನ್ನೊಂದು ಸಲ ಮಾಡಿಸ್ತಿದ್ರೆ ಅದಕ್ಕೇ ಏನೂ ಬದಲಾಗಿಲ್ಲ. ಒಂದು ಸಂಜೆ ಅವನ ಜೊತೆ ಕೂತ್ಕೊಳಿ, ಗಡಿಯಾರ ಇಡಬೇಡಿ. 63ರಲ್ಲಿ 27, 618 ಭಾಗ 6, ಆಮೇಲೆ 1/3 ದೊಡ್ಡದೋ 1/4 ದೊಡ್ಡದೋ, ಇಷ್ಟು ಕೇಳಿ. ಉತ್ತರ ಸರಿನಾ ತಪ್ಪಾ ಅನ್ನೋದಕ್ಕಿಂತ ಹೆಂಗೆ ಮಾಡ್ದೆ ಅಂತ ಬಾಯಲ್ಲಿ ಹೇಳ್ಸಿ. ಎಲ್ಲಿ ನಿಲ್ತಾನೋ ಅಲ್ಲಿಂದ ಶುರು ಮಾಡಿ. ಮೂರನೇ ಕ್ಲಾಸಿನ ಜಾಗದಲ್ಲಿ ನಿಂತ್ರೂ ಪರವಾಗಿಲ್ಲ, ಹದಿಮೂರು ವರ್ಷದ ಹುಡುಗ ಅದನ್ನ ಎಂಟು ವರ್ಷದ ಮಗುಗಿಂತ ಬೇಗ ಹಿಡೀತಾನೆ.

ಇದು ನನ್ನ ಸ್ವಂತ ಉಪಾಯ ಅಲ್ಲ. ಮಕ್ಕಳನ್ನ ಕ್ಲಾಸಿನ ಪ್ರಕಾರ ಕೂರಿಸದೆ, ಬರೋ ಮಟ್ಟದ ಪ್ರಕಾರ ಗುಂಪು ಮಾಡಿ ದಿನಕ್ಕೆ ಒಂದೆರಡು ಗಂಟೆ ಕಲಿಸೋ ರೀತಿನ ಪ್ರಥಮ್‌ನವರು ಎರಡು ದಶಕದಿಂದ ಮಾಡ್ತಿದಾರೆ, ಹಲವು ರಾಜ್ಯಗಳಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಮಕ್ಕಳು ನಿಜವಾಗ್ಲೂ ಮುಂದೆ ಬಂದಿದಾರೆ. ನಮ್ಮಲ್ಲಿ ನಾಲ್ಕು ಐದನೇ ಕ್ಲಾಸಿಗೆ ಓದು ಕರ್ನಾಟಕ ಅಂತ ಬಂದಿದ್ದು ಇದೇ ರೀತಿದು. ಹೈಸ್ಕೂಲಿಗೆ ಇಂಥದ್ದು ಸಾಲದು, ಅದಕ್ಕೇ ನಿಮ್ಮ ಮಗನಂಥ ಮಕ್ಕಳು ನಡುವೆ ಸಿಕ್ಕಿಕೊಂಡಿದಾರೆ. ಪೋಷಕರ ಸಭೆಲಿ ಎಷ್ಟು ಮಾರ್ಕ್ಸು ಅಂತ ಕೇಳೋ ಬದಲು ಯಾವ ಮಟ್ಟದಲ್ಲಿ ನಿಂತಿದಾನೆ, ಅಲ್ಲಿಂದ ಹತ್ತಿಸೋಕೆ ವಾರದಲ್ಲಿ ಒಂದು ಪೀರಿಯಡ್ ಆದ್ರೂ ಸಿಗುತ್ತಾ ಅಂತ ಕೇಳಿ, ನಾಲ್ಕು ಜನ ಪೋಷಕರು ಸೇರಿ ಕೇಳಿದ್ರೆ ಇನ್ನೂ ಒಳ್ಳೇದು.

ಇನ್ನೊಂದು ಮಾತು. ನಾಲ್ಕನೇ ಕ್ಲಾಸಿನ ಪುಸ್ತಕ ಅವನ ಕೈಗೆ ಕೊಡೋವಾಗ ತಮ್ಮ ತಂಗಿ ಎದುರಿಗೆ ಕೊಡಬೇಡಿ. ಬೇರೆ ನೋಟ್‌ಬುಕ್ಕಲ್ಲಿ ನೀವೇ ಹತ್ತು ಲೆಕ್ಕ ಬರೆದಿಟ್ಟು, ಅದಕ್ಕೆ ಯಾವ ಕ್ಲಾಸಿನ ಹೆಸರೂ ಹಾಕದೆ ಕೊಡಿ.